ನಕ್ಷತ್ರ ಬಿದ್ದ ಸಾಲುಗಳು

ಕುತೈಸಿಯಲ್ಲಿ ಬುಧವಾರ ಮೂರು ಸಲ ಕರೆಂಟು ಹೋಯಿತು.
ಮೂರನೆಯ ಸಲ
ನಾನುಲಿಯ ಕನ್ನಡಕದಂಗಡಿಯ ಕಂಪ್ಯೂಟರು
ಯಾರದೋ ಎಡಗಣ್ಣಿನ ಪವರು ಬರೆದುಕೊಳ್ಳುತ್ತಿತ್ತು,
ಮೈನಸ್ ಎರಡು ಪಾಯಿಂಟ್ —
ಅಲ್ಲಿಗೇ ನಿಂತಿತು.

ಬೆಳಿಗ್ಗೆ ನನಗೆ ಫೋನು:
"ಬಾ ಬಿಚೋ, ನನ್ನ ಗಿರಾಕಿಗಳೆಲ್ಲ
ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂತಿದ್ದಾರೆ."

ಬಿಳಿ ಸೇತುವೆ ದಾಟಿ, ಔಷಧದಂಗಡಿಯ ಪಕ್ಕ,
ಮೂರು ಮೆಟ್ಟಿಲು ಕೆಳಗೆ.
ಇಪ್ಪತ್ತೆರಡು ವರ್ಷದ ಪ್ರೋಗ್ರಾಮು.
ಬರೆದುಕೊಟ್ಟ ಹುಡುಗ ಈಗ ಪೋತಿ ಬಂದರಿನಲ್ಲಿ
ಕ್ರೇನು ಓಡಿಸುತ್ತಾನಂತೆ, ಫೋನು ಎತ್ತುವುದಿಲ್ಲ.

ಮೊದಲು ನಕಲು.
ಮುರಿದದ್ದನ್ನು ಮುರಿದ ಹಾಗೇ ಎತ್ತಿಟ್ಟುಕೊಳ್ಳಬೇಕು.
ಕರೆಂಟು ಕೆಡಿಸಿದ್ದಕ್ಕಿಂತ
ರಿಪೇರಿಯವರು ಕೆಡಿಸಿದ್ದು ಹೆಚ್ಚು.
ದುಡ್ಡು ತೆತ್ತು ಕಲಿತ ಪಾಠ ಇದು,
ಬೇರೆಯವರ ದುಡ್ಡು.

ಆಮೇಲೆ ಇಂಡೆಕ್ಸು ಕಿತ್ತು ಬಿಸಾಕಿದೆ.
ನಾನುಲಿ ಎದೆ ಹಿಡಿದುಕೊಂಡಳು.
"ಅದು ಮನೆ ತೋರಿಸುವ ಬೆರಳಷ್ಟೆ ಅಮ್ಮ,
ಮನೆ ಅಲ್ಲ. ಹೊಸದು ಮಾಡಿಕೊಡುತ್ತೇನೆ."

ಟೇಬಲ್ಲಿನ ಹಣೆಯಲ್ಲಿ ಎರಡು ಸಾವಿರದ ಇನ್ನೂರ ಎಂಟು ಎಂದಿತ್ತು,
ಹೊಟ್ಟೆ ಬಗೆದು ಎಣಿಸಿದರೆ ಇನ್ನೂರ ಐದೂವರೆ.
ಹಣೆಬರಹ ಅಳಿಸುವವರಿಲ್ಲ ಅನ್ನುತ್ತಾರೆ.
ಅಳಿಸಿ ಬರೆದೆ:
ನಾಲ್ಕು ಬೈಟು, ಎರಡು ನಿಮಿಷ, ಒಂದು ಸಿಗರೇಟು.
ಲಿಪಿ ಯಾವುದೆಂದು ಹೇಳುವ ಇನ್ನೊಂದು ಬೈಟನ್ನೂ ತಿದ್ದಿದ ಮೇಲೆ
ನಮ್ಮ ದುಂಡನೆಯ ಅಕ್ಷರಗಳು
ನಿದ್ದೆ ತಿಳಿದೆದ್ದವರ ಹಾಗೆ ಒಂದೊಂದಾಗಿ ಬಂದು ಕೂತವು.

ಕೆಲವು ಸಾಲಿನ ಮುಂದೆ ನಕ್ಷತ್ರ.
"ಇವು ನೀವು ಅಳಿಸಿದವು. ಅಳಿಸಿದರೆ ಹೋಗುವುದಿಲ್ಲ,
ಮುಂದೊಂದು ನಕ್ಷತ್ರ ಬೀಳುತ್ತದೆ,
ಗುಡಿಸಿ ಹಾಕು ಅನ್ನುವ ತನಕ ಅಲ್ಲೇ ಇರುತ್ತವೆ."
ನಾನುಲಿ ಕುರ್ಚಿ ಎಳೆದುಕೊಂಡಳು.
"ಸತ್ತವರು," ಅಂದಳು. "ಇಷ್ಟು ವರ್ಷ ಇಲ್ಲೇ ಇದ್ದರೇ?"
"ನಾನೂರ ಹದಿನೆಂಟು ಜನ."
"ಬಾಡಿಗೆ ಕೊಡದೆ."

ನಿಜವಾದ ಕಷ್ಟ ಟಿಪ್ಪಣಿಗಳದ್ದು.
ಅವುಗಳ ಕಡತ ಬೇರೆ, ಹೆಸರಿನ ಸಾಲು ಬೇರೆ,
ನಡುವೆ ಒಂದು ಅಂಕಿಯ ದಾರ.
ಐವತ್ತೊಂದು ಕಡೆ ದಾರ ಕಡಿದಿತ್ತು.
ಯಾವುದು ಯಾರದೆಂದು
ಯಂತ್ರಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.
ಸುಮ್ಮನೆ ಗಟ್ಟಿಯಾಗಿ ಓದಿದೆ.

ಎಡಗಿವಿ ಒಂದು ಬೆರಳು ಕೆಳಗೆ, ಕಡ್ಡಿ ಬಗ್ಗಿಸಬೇಕು.
"ಒತಿಯಾ. ಮಾಂಸದಂಗಡಿ."
ಆಕ್ರೋಟು ಒಡೆಯುತ್ತಿದ್ದಳು, ತಲೆ ಎತ್ತಲಿಲ್ಲ.
ಕೆಂಪು ಫ್ರೇಮು ಕೇಳಿದಳು, ಅತ್ತೆ ಕಂದು ಆರಿಸಿದರು.
"ದಾರೆಜಾನ್. ಮುಂದಿನ ವರ್ಷ ಕೆಂಪು ಒಯ್ದಳು.
ಅತ್ತೆಗೆ ನಕ್ಷತ್ರ ಬಿದ್ದಿದೆ ನೋಡು."
ಚಾರ್ಟು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ.
"ಬಸ್ಸಿನ ವಲಿಕೋ! ಅವತ್ತೇ ಚಾರ್ಟು ತಲೆಕೆಳಗು ತೂಗುಹಾಕಿದೆ.
ಪುಣ್ಯ, ಆ ಬಸ್ಸು ಹತ್ತಿದವರು ಬದುಕಿದರು."

ಇಪ್ಪತ್ತು. ನಲವತ್ತು. ನಲವತ್ತೊಂಬತ್ತು.
ಅವಳು ಹೇಳುತ್ತ, ನಾನು ಅಂಕಿ ಕುಟ್ಟಿ ದಾರ ಗಂಟು ಹಾಕುತ್ತ
ಮೆಟ್ಟಿಲ ಮೇಲಿನ ಬಿಸಿಲು ಹೋಯಿತು.
ಐವತ್ತನೆಯದು ಅವಳದೇ ಕಿರಾಣಿ ಚೀಟಿ.

ಕೊನೆಯದು:
ದೂರದ್ದು ಬೇಡ, ಹತ್ತಿರದ್ದು ಸಾಕು ಎಂದರು.
ದುಡ್ಡು ತೆಗೆದುಕೊಳ್ಳಲಿಲ್ಲ.

"ಇನ್ನೊಂದು ಸಲ ಓದು."
ಓದಿದೆ.
ತನ್ನ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು,
ಹಾಕಿಕೊಂಡಳು, ಪರದೆಯ ಹತ್ತಿರ ಬಂದಳು.
"ಬರೆದದ್ದು ನಾನೇ.
ಯಾರಿಗೆ?"

ಅಳಿಸಲೇ ಅಂದೆ. ಕೇಳಿಸಲಿಲ್ಲವೇನೋ.
ಹೊಸ ಸಾಲು ತೆರೆಯಲು ಹೇಳಿದಳು.
ಹೆಸರಿಲ್ಲದೆ ಪ್ರೋಗ್ರಾಮು ಮುಂದೆ ಹೋಗುವುದಿಲ್ಲ.
ಹೆಸರಿನ ಜಾಗದಲ್ಲಿ ಅವಳೇ ಒಂದು ಚುಕ್ಕೆ ಒತ್ತಿದಳು.
ಒಪ್ಪಿಕೊಂಡಿತು.

ಪರದೆ ಕೇಳಿತು:
ನಕ್ಷತ್ರದ ಸಾಲುಗಳನ್ನು ಪೂರ್ತಿ ತೆಗೆಯಲೇ?
"ಬೇಡ. ಒಮ್ಮೊಮ್ಮೆ ಮೊಮ್ಮಕ್ಕಳಿಗೆ ಅದೇ ಕಣ್ಣು ಬರುತ್ತದೆ."
ನನ್ನ ಕೂಲಿ ಕೊಟ್ಟಳು, ಆಕ್ರೋಟು ಜೇಬಿಗೆ ತುಂಬಿದಳು.

ಉಳಿದದ್ದು ಆ ಅರ್ಧ ಸಾಲು ಮಾತ್ರ, ಮೈನಸ್ ಎರಡು ಪಾಯಿಂಟ್.
ಅದಕ್ಕೆ ನನ್ನಲ್ಲಿ ಸಲಕರಣೆ ಇಲ್ಲ.
ಆ ಹೆಂಗಸನ್ನು ನಾಳೆ ಹತ್ತಕ್ಕೆ ಮತ್ತೆ ಕರೆದಿದ್ದಾಳೆ.
ಕತ್ತಲ ಕೋಣೆಯಲ್ಲಿ ಕೂರಿಸಿ
ಗಾಜು ಬದಲಿಸಿ ಬದಲಿಸಿ ಕೇಳಬೇಕು:
ಹೀಗೆ ಚೆನ್ನಾಗಿದೆಯೋ,
ಹೀಗೋ?